ಸ್ಪೀಕರ್ ಪೆಟ್ಟಿಗೆಗೆ ಯಾವ ಹಲಗೆ, ಯಾವ ಅಂಟು, ಯಾವ ಸ್ಕ್ರೂ? ಹಾಸನಕ್ಕೊಂದು ಲೆಕ್ಕ, ಮೂಡಿಗೆರೆಗೊಂದು ಲೆಕ್ಕ

ಮೂರು ವರ್ಷದ ಹಿಂದೆ ಒಂದೇ ಅಳತೆಯ ಎರಡು ಸ್ಪೀಕರ್ ಪೆಟ್ಟಿಗೆ ಮಾಡಿದ್ದೆ. ಒಂದು ಹಾಸನದ ನಮ್ಮ ಮನೆ ಹಾಲ್‌ಗೆ. ಇನ್ನೊಂದು ಮೂಡಿಗೆರೆ ಕಡೆ ತೋಟದಲ್ಲಿರುವ ಅಕ್ಕನ ಮನೆಗೆ. ಎರಡಕ್ಕೂ ಅದೇ ಎಂಡಿಎಫ್ ಹಲಗೆ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ್ದು), ಅದೇ ಡಬ್ಬದ ಅಂಟು, ಅದೇ ಪೊಟ್ಟಣದ ಸ್ಕ್ರೂ. ಹಾಸನದ್ದು ಇವತ್ತಿಗೂ ಹಾಡುತ್ತಿದೆ. ಮೂಡಿಗೆರೆಯದು ಒಂದೇ ಮಳೆಗಾಲಕ್ಕೆ ಕೈ ಎತ್ತಿತು. ಆಷಾಢ ಮುಗಿಯುವ ಹೊತ್ತಿಗೆ ಭಾವ ಫೋನ್ ಮಾಡಿ, "ನಿನ್ನ ಪೆಟ್ಟಿಗೆ ಹೊಟ್ಟೆ ಬಿಟ್ಟಿದೆ ಮಾರಾಯ, ಬಂದು ನೋಡು" ಅಂದರು. ಹೋಗಿ ನೋಡಿದರೆ ನಿಜ. ಗೋಡೆಗೆ ತಾಗಿಸಿ ಇಟ್ಟಿದ್ದ ಕೆಳಗಿನ ಅಂಚು ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಸ್ಕ್ರೂ ತಲೆಗಳ ಸುತ್ತ ತುಕ್ಕಿನ ಕಲೆ. ಹಿಂದಿನ ಹಲಗೆಯನ್ನು ಸ್ವಲ್ಪ ಎಳೆದೆ, ಸ್ಕ್ರೂ ಸಮೇತ ಕೈಗೆ ಬಂತು.

ಬೇಲೂರು ದಾಟಿ ಸ್ವಲ್ಪ ಮುಂದೆ ಹೋದರೆ ಮೂಡಿಗೆರೆ. ದೂರ ಏನೂ ಇಲ್ಲ. ಆದರೆ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸೋದಕ್ಕೇ ಒಲೆ ಮೇಲೆ ತೂಗು ಹಾಕಬೇಕು. ಅದಕ್ಕೇ "ಸ್ಪೀಕರ್ ಬಾಕ್ಸಿಗೆ ಯಾವ ಪ್ಲೈ ಒಳ್ಳೇದು?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳೋದು, "ಪೆಟ್ಟಿಗೆ ಎಲ್ಲಿ ಇರುತ್ತೆ?" ಅಂತ. ಎರಡನೇ ಪ್ರಶ್ನೆ, "ಇದ್ದಲ್ಲೇ ಇರುತ್ತೋ, ಗಣಪತಿ ಕೂರಿಸುವಾಗ ಟ್ರ್ಯಾಕ್ಟರ್ ಹತ್ತುತ್ತೋ?" ಇವೆರಡು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು.

ಅಕ್ಕನ ಮನೆಗೆ ಎರಡನೇ ಸಲ ಮಾಡಿಕೊಟ್ಟ ಪೆಟ್ಟಿಗೆ ಎರಡು ಮಳೆಗಾಲ ಕಂಡಿದೆ, ಏನೂ ಆಗಿಲ್ಲ. ಈ ನಡುವೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪೆಟ್ಟಿಗೆಯ ಕೆಲಸ ಏನು

ಸ್ಪೀಕರಿನ ಕೋನ್, ಅಂದರೆ ನಡುಗುವ ಬಟ್ಟಲು, ಮುಂದಕ್ಕೆ ಗಾಳಿ ತಳ್ಳುವಷ್ಟೇ ಹಿಂದಕ್ಕೂ ತಳ್ಳುತ್ತದೆ. ಮುಂದಿನದೂ ಹಿಂದಿನದೂ ಸೇರಿಕೊಂಡರೆ ಒಂದನ್ನೊಂದು ತಿಂದುಹಾಕುತ್ತವೆ, ಬೇಸ್ ಮಾಯ. ಪೆಟ್ಟಿಗೆ ಹಿಂದಿನ ಗಾಳಿಯನ್ನು ಹಿಡಿದಿಡುತ್ತದೆ. ಅಥವಾ ಪೋರ್ಟ್, ಅಂದರೆ ಗಾಳಿ ಹೋಗುವ ಕೊಳವೆ, ಇದ್ದರೆ ಆ ದಾರಿಯಲ್ಲಿ ಮಾತ್ರ ಬಿಡುತ್ತದೆ. ಹಾಗಾಗಿ ಗಾಳಿ ಸೋರಬಾರದು, ಹಲಗೆ ನಡುಗಬಾರದು. ಇಷ್ಟೇ.

"ಮನೇಲಿ ಹಲಸಿನ ಹಲಗೆ ಬೇಕಾದಷ್ಟು ಇದೆಯಲ್ಲ, ಅದರಲ್ಲೇ ಮಾಡು" ಅಂತ ಹಿರಿಯರು ಹೇಳುತ್ತಾರೆ. ಮೃದಂಗ, ವೀಣೆಗೆ ಹಲಸು ಯಾಕೆ ಬೇಕು ಅಂದರೆ ಅದು ಮಾತಾಡುತ್ತದೆ. ಸ್ಪೀಕರ್ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರಬೇಕು. ಅದೂ ಅಲ್ಲದೆ ಇಡೀ ಮರದ ಅಗಲ ಹಲಗೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕು ಕಡೆ ಅಂಟು ಹಾಕಿ ಬಿಗಿದಿದ್ದರೆ ಎಲ್ಲೋ ಒಂದು ಕಡೆ ಸೀಳು ಬಿಡಲೇಬೇಕು. ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದು ಹಿಗ್ಗೋದಕ್ಕೆ ಹೋದರೆ ಇನ್ನೊಂದು ಬಿಡೋದಿಲ್ಲ.

ಹಲಗೆ: ನಾಲ್ಕೈದು ಆಯ್ಕೆ

ಎಂಡಿಎಫ್ ಬಗ್ಗೆ ಮೂಡಿಗೆರೆ ಕತೆ ಹೇಳಿದ ಮೇಲೂ ಅದನ್ನು ಬೈಯಲ್ಲ. ಒಳಗೆ ಟೊಳ್ಳಿಲ್ಲ, ಗಂಟಿಲ್ಲ, ಎಲ್ಲಿ ಕತ್ತರಿಸಿದರೂ ಒಂದೇ ಥರ. ಪೇಂಟ್ ಮಾಡಿದರೆ ಕನ್ನಡಿ ಹಾಗೆ ಬರುತ್ತದೆ. ಸದ್ದು ಹೀರುವುದರಲ್ಲೂ ಒಳ್ಳೆಯದೇ. ಹಾಸನ, ಅರಸೀಕೆರೆ, ಕಡೂರಿನಂಥ ಒಣ ಜಾಗದಲ್ಲಿ, ಮನೆಯೊಳಗೆ ಒಂದೇ ಕಡೆ ಇರುವ ಪೆಟ್ಟಿಗೆಗೆ ಕಣ್ಣು ಮುಚ್ಚಿ ತಗೊಳ್ಳಬಹುದು. ತೊಂದರೆ ಎರಡು. ಅಂಚಿನಿಂದ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯಲ್ಲ. ಅಂಚಿಗೆ ಸ್ಕ್ರೂ ಹಾಕಿದರೆ ಪುಸ್ತಕದ ಹಾಗೆ ಬಿಚ್ಚಿಕೊಳ್ಳುತ್ತದೆ. ತೂಕವೂ ಜಾಸ್ತಿ.

ಎಚ್‌ಡಿಎಚ್‌ಎಂಆರ್ ಅಂತ ಇನ್ನೊಂದು ಹಲಗೆ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅಡುಗೆಮನೆ ಕಬೋರ್ಡಿಗೆ ಹಾಕುವಂಥದ್ದು. ಎಂಡಿಎಫ್‌ಗಿಂತ ಗಟ್ಟಿ, ತೇವ ತಡೆಯುವುದರಲ್ಲೂ ಮೇಲು. ಆದರೆ ಹೊರಲು ಎರಡು ಜನ ಬೇಕು.

ಬ್ಲಾಕ್ ಬೋರ್ಡ್ ಬೇಡವೇ ಬೇಡ. ಅದು ಬಾಗಿಲಿಗೆ ಸರಿ. ಒಳಗೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಪಟ್ಟಿಗಳ ಮಧ್ಯೆ ಸಂದು ಇರುತ್ತದೆ. ಆ ಸಂದು ಬೇಸ್ ಬಂದಾಗಲೆಲ್ಲ ಕಿಟಿಕಿಟಿ ಅನ್ನುತ್ತದೆ.

ಇನ್ನು ಪ್ಲೈವುಡ್. ಅಂಗಡಿಯಲ್ಲಿ ಹೋಗಿ ಕೇಳಿದರೆ "ಕಮರ್ಷಿಯಲ್ ಬೇಕಾ, ಮೆರೀನ್ ಬೇಕಾ?" ಅನ್ನುತ್ತಾರೆ. ಕಮರ್ಷಿಯಲ್ ಅಂದರೆ ಸಾಮಾನ್ಯವಾಗಿ ಎಂಆರ್ ದರ್ಜೆ, ತೇವ ತಡೆಯುವಂಥದ್ದು. ಹಲಗೆ ಮೇಲೆ ಐಎಸ್ (ಭಾರತೀಯ ಮಾನಕ) 303 ಅಂತ ಮುದ್ರೆ ಇರುತ್ತದೆ. ಅದೇ 303ರಲ್ಲಿ ಬಿಡಬ್ಲ್ಯುಆರ್ ಅನ್ನುವ, ಕುದಿಯುವ ನೀರನ್ನೂ ತಡೆಯುವ ಮೇಲಿನ ದರ್ಜೆಯೂ ಇದೆ. ಮೆರೀನ್ ಅಂದರೆ ಐಎಸ್ 710. ಕಮರ್ಷಿಯಲ್‌ನಲ್ಲಿ ಪದರ ಹಿಡಿದಿಡುವುದು ಯೂರಿಯಾ ಅಂಟು, ಬಿಸಿ ನೀರಿಗೆ ಸೋಲುತ್ತದೆ. 710ರದ್ದು ಫೀನಾಲ್ ಅಂಟು. 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವುದು ಅದರ ಪರೀಕ್ಷೆ. ಫೀನಾಲ್ ಅಂಟಿನ ಗೆರೆ ಕಪ್ಪು ಕೆಂಪಾಗಿರುತ್ತದೆ, ಕತ್ತರಿಸಿದ ಅಂಚು ನೋಡಿದರೆ ಗೊತ್ತಾಗುತ್ತದೆ. ಕೆಲವರು ಬರೀ ಬಣ್ಣ ಹಾಕಿ ಮೋಸ ಮಾಡೋದೂ ಉಂಟು.

ಮುದ್ರೆ ನಂಬದವರಿಗೆ ಮಲೆನಾಡಿನಲ್ಲಿ ಒಳ್ಳೇ ಪ್ರಯೋಗಶಾಲೆ ಇದೆ. ಬಚ್ಚಲ ಮನೆಯ ಹಂಡೆ. ಅಂಗಡಿಯವರ ಹತ್ತಿರ ಅಂಗೈ ಅಗಲದ ಒಂದು ತುಂಡು ಕೇಳಿ ತಂದು, ಬೆಳಗ್ಗೆ ಸ್ನಾನಕ್ಕೆ ಒಲೆ ಹಚ್ಚುವಾಗ ಹಂಡೆಗೆ ಹಾಕಿ. ಎಲ್ಲರ ಸ್ನಾನ ಮುಗಿದ ಮೇಲೂ ಕೆಂಡ ಇರುತ್ತೆ ಅಲ್ವಾ, ಮಧ್ಯಾಹ್ನದವರೆಗೆ ಹಾಗೇ ಬಿಡಿ. ನಾನು ಎರಡು ತುಂಡು ಹಾಕಿದ್ದೆ. ಕಮರ್ಷಿಯಲ್ ತುಂಡು ಹೊತ್ತೇರುವಷ್ಟರಲ್ಲಿ ಈರುಳ್ಳಿ ಸಿಪ್ಪೆ ಹಾಗೆ ಬಿಡಿಸಿಕೊಳ್ಳತೊಡಗಿತು. ಇನ್ನೊಂದರ ಅಂಚಿಗೆ ಉಗುರು ಹಾಕಿದರೂ ಬಿಡಲಿಲ್ಲ. ಹಂಡೆ ನೀರಿಗೆ ಕಂದು ಬಣ್ಣ ಬಂತು ಅಂತ ಅಕ್ಕನಿಂದ ಬೈಸಿಕೊಂಡೆ, ಅದು ಬೇರೆ.

ಆದರೆ ಪದರ ಬಿಡದಿದ್ದ ಮಾತ್ರಕ್ಕೆ ಸ್ಪೀಕರಿಗೆ ಸರಿ ಅಂತಲ್ಲ. ಒಳಗಿನ ಟೊಳ್ಳು ನೋಡಬೇಕು. ಪದರ ಜೋಡಿಸುವಾಗ ಎರಡು ತುಂಡು ಸರಿಯಾಗಿ ಕೂಡದಿದ್ದರೆ ಮಧ್ಯೆ ಸಣ್ಣ ಗುಹೆ ಉಳಿಯುತ್ತದೆ. ಕಪಾಟಿಗೆ ಪರವಾಗಿಲ್ಲ. ಸ್ಪೀಕರಿನಲ್ಲಿ ಯಾವುದೋ ಒಂದು ಸ್ವರಕ್ಕೆ ಮಾತ್ರ ಝುಂಯ್ ಅನ್ನುತ್ತದೆ. ಅಂಗಡಿಯಲ್ಲೇ ಹಲಗೆ ನಿಲ್ಲಿಸಿ, ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತಾ ಹೋಗಿ. ಸದ್ದು ಒಂದೇ ಥರ ಇರಬೇಕು. ಎಲ್ಲಾದರೂ ಡಬಡಬ ಅಂದರೆ ಬೇರೆ ಹಲಗೆ ತೆಗೆಸಿ. ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ.

ಬರ್ಚ್ ಪ್ಲೈ ಅಂತ ಇದೆ. 18 ಎಂಎಂನಲ್ಲಿ 13 ಪದರ, ಟೊಳ್ಳು ತೀರಾ ಕಡಿಮೆ. ನೋಡೋದಕ್ಕೂ ಚೆಂದ, ಬೆಲೆಯೂ ಹಾಗೇ. ಬೆಂಗಳೂರಿನಿಂದ ತರಿಸಬೇಕು. ಆ ದುಡ್ಡನ್ನು ಒಳ್ಳೇ ಸ್ಪೀಕರಿಗೆ ಹಾಕಿ ಅಂತ ನನ್ನ ಮಾತು.

ದಪ್ಪದ ವಿಷಯದಲ್ಲಿ ಕಂಜೂಸು ಮಾಡಬೇಡಿ. ಹಲಗೆಯ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 12 ಎಂಎಂ ಬದಲು 18 ಹಾಕಿದರೆ ದಪ್ಪ ಒಂದೂವರೆ ಪಟ್ಟು, ಬಿಗಿತ ಮೂರು ಪಟ್ಟಿಗಿಂತ ಜಾಸ್ತಿ. 12 ಇಂಚಿನ ಸ್ಪೀಕರಿಗೆ 18 ಎಂಎಂ ಸಾಕು. 6 ಇಂಚಿನ ಸಣ್ಣದಕ್ಕೆ 12 ನಡೆಯುತ್ತದೆ. 18ಕ್ಕಿಂತ ಮೇಲೆ ಹೋಗುವ ಬದಲು ಒಳಗೆ ಅಡ್ಡಪಟ್ಟಿ ಕೊಡುವುದು ಜಾಣತನ. ಎರಡು ಪಕ್ಕದ ಹಲಗೆಗೆ ಮಧ್ಯದಲ್ಲಿ ಒಂದು ಅಡ್ಡ ಕಟ್ಟಿದರೆ ಹಲಗೆ ನಡುಗುವ ಜಾಗದ ಉದ್ದ ಅರ್ಧ ಆಗುತ್ತದೆ. ನಡುಕದ ಸ್ವರ ಸುಮಾರು ನಾಲ್ಕು ಪಟ್ಟು ಮೇಲಕ್ಕೆ ಹೋಗಿ ಬೇಸಿನ ದಾರಿಯಿಂದ ಪಕ್ಕಕ್ಕೆ ಸರಿಯುತ್ತದೆ. ಅಡ್ಡಪಟ್ಟಿಯನ್ನು ನಟ್ಟನಡುವೆ ಹಾಕಬೇಡಿ, ಒಂದೆರಡು ಇಂಚು ಆಚೀಚೆ ಇರಲಿ. ಇಲ್ಲದಿದ್ದರೆ ಎರಡು ಭಾಗವೂ ಒಂದೇ ಸ್ವರಕ್ಕೆ ಕುಣಿಯುತ್ತವೆ.

ಒಂದು ಹಲಗೆಯಲ್ಲಿ ಎರಡು ಪೆಟ್ಟಿಗೆ

ನನ್ನ ಪೆಟ್ಟಿಗೆಯ ಹೊರ ಅಳತೆ 60 ಸೆಂ.ಮೀ. ಎತ್ತರ, 40 ಅಗಲ, 38 ಆಳ. 18 ಎಂಎಂ ಹಲಗೆ ಕಳೆದರೆ ಒಳಗೆ ಸುಮಾರು 70 ಲೀಟರ್. ಸ್ಪೀಕರ್, ಪಟ್ಟಿ, ಪೋರ್ಟ್ ಕೊಳವೆ ಹಿಡಿಯುವ ಜಾಗ ಬಿಟ್ಟರೆ 65 ಅಂದುಕೊಳ್ಳಿ. ನಿಮ್ಮ ಸ್ಪೀಕರಿಗೆ ಎಷ್ಟು ಲೀಟರ್ ಬೇಕು ಅನ್ನೋದು ಅದರ ಜೊತೆ ಬರುವ ಕಾಗದದಲ್ಲಿರುವ ಅಂಕಿಗಳಿಂದ ತಿಳಿಯುತ್ತದೆ. ಈ ಲೆಕ್ಕಕ್ಕೆ ದಾರಿ ಹಾಕಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿ ಮಾಡಿದರು. ಅದಕ್ಕೇ ಥೀಲ್-ಸ್ಮಾಲ್ ಅಂಕಿ ಅನ್ನೋದು. ಅಂಕಿ ಕೊಡದ ಸ್ಪೀಕರ್ ತಗೊಂಡರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

8 ಅಡಿಗೆ 4 ಅಡಿಯ ಒಂದು ಹಲಗೆ ಅಂದರೆ 244 ಸೆಂ.ಮೀ.ಗೆ 122. ಉದ್ದಕ್ಕೆ ಸೀಳಿ 60ರ ಎರಡು ಸಾಲು ಮಾಡಿ. ಒಂದು ಸಾಲಿನಲ್ಲಿ 40, 40, 38, 38 ಅಂತ ಮುಂದೆ, ಹಿಂದೆ, ಎರಡು ಪಕ್ಕ. ಉಳಿದ ಜಾಗದಲ್ಲಿ 40ಕ್ಕೆ 38ರ ಎರಡು ತುಂಡು, ಮೇಲಕ್ಕೊಂದು ಕೆಳಕ್ಕೊಂದು. ಗರಗಸ ತಿನ್ನುವುದನ್ನು ಸೇರಿಸಿದರೂ ಸಾಲಿಗೆ ಒಂದು ಪೆಟ್ಟಿಗೆ ಸರಿಯಾಗಿ ಬರುತ್ತದೆ. ಮಿಕ್ಕ 22 ಸೆಂ.ಮೀ. ಪಟ್ಟಿ ಒಳಗಿನ ಅಡ್ಡಕ್ಕೆ. ಜೋಡಣೆಗೆ ತಕ್ಕ ಹಾಗೆ ಕೆಲವು ತುಂಡನ್ನು 36 ಎಂಎಂ ಕಿರಿದು ಮಾಡಬೇಕು, ಅದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಕತ್ತರಿಸುವ ಕೆಲಸವನ್ನು ಮಾತ್ರ ಟೇಬಲ್ ಮಷೀನ್ ಇರುವವರ ಹತ್ತಿರ ಮಾಡಿಸಿ. ನೇರ ಇಲ್ಲದ ಅಂಚನ್ನು ಯಾವ ಅಂಟೂ ಸರಿ ಮಾಡಲ್ಲ.

ಅಂಟು: ಹಿಡಿದಿಡುವುದು ಇದೇ

ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಸ್ಕ್ರೂ ಪೆಟ್ಟಿಗೆಯನ್ನು ಹಿಡಿದಿದೆ, ಅಂಟು ಸುಮ್ನೆ ಒಂದು ಧೈರ್ಯಕ್ಕೆ ಅಂದುಕೊಂಡಿರುತ್ತಾರೆ. ಉಲ್ಟಾ. ಸರಿಯಾಗಿ ಕೂತ ಅಂಟಿನ ಜೋಡಣೆಯನ್ನು ಸುತ್ತಿಗೆಯಿಂದ ಒಡೆದು ನೋಡಿ, ಅಂಟಿನ ಪಕ್ಕದ ಮರ ಕಿತ್ತು ಬರುತ್ತದೆ, ಅಂಟು ಬಿಡಲ್ಲ. ಸ್ಕ್ರೂ ಹಿಡಿಯುವುದು ಒಂದೊಂದು ಚುಕ್ಕೆಯಲ್ಲಿ. ಅಂಟು ಹಿಡಿಯುವುದು ಇಡೀ ಉದ್ದಕ್ಕೆ. ಗಾಳಿ ತಡೆಯುವುದೂ ಅಂಟೇ.

ಬಿಳಿ ಅಂಟು, ಅಂದರೆ ಪಿವಿಎ, ನಮ್ಮ ಎಲ್ಲರ ಫೆವಿಕಾಲ್ ಎಸ್‌ಎಚ್. ಒಣ ಊರಿನ ಪೆಟ್ಟಿಗೆಗೆ ಇದಕ್ಕಿಂತ ಬೇರೆ ಬೇಕಿಲ್ಲ. ಅಗ್ಗ, ಕೈ ತೊಳೆದರೆ ಹೋಗುತ್ತದೆ, ಜೋಡಿಸಿ ಹತ್ತು ನಿಮಿಷದೊಳಗೆ ಸರಿಪಡಿಸಿಕೊಳ್ಳಬಹುದು. ಒಳಗಿನ ನೀರು ಮರಕ್ಕೂ ಗಾಳಿಗೂ ಹೋದ ಮೇಲೆ ಅದು ಗಟ್ಟಿಯಾಗುತ್ತದೆ. ಆದ್ದರಿಂದ ಜುಲೈ ತಿಂಗಳಲ್ಲಿ ಮೂಡಿಗೆರೆಯಲ್ಲಿ ಬಿಳಿ ಅಂಟು ಹಾಕಿ ಮರುದಿನ ಕ್ಲಾಂಪ್ ಬಿಚ್ಚಿದರೆ ಒಳಗೆ ಇನ್ನೂ ಮೊಸರು. ಒಣಗಿದ ಮೇಲೂ ತೇವ ಹತ್ತಿದರೆ ಮೆತ್ತಗಾಗುತ್ತದೆ.

ಫೆವಿಕಾಲ್ ಮೆರೀನ್ ಅದೇ ಜಾತಿ, ಆದರೆ ನೀರು ತಡೆಯುತ್ತದೆ. ಮಲೆನಾಡಿನ ಮನೆಗೆ ನಾನು ಈಗ ಬಳಸುವುದು ಇದನ್ನೇ. ಎಸ್‌ಎಚ್‌ಗಿಂತ ಬೆಲೆ ಜಾಸ್ತಿ, ಆದರೆ ಒಂದು ಪೆಟ್ಟಿಗೆಗೆ ಎಷ್ಟು ಅಂಟು ಬೇಕು ಹೇಳಿ? ಕಾಲು ಕೆ.ಜಿ.ಯಲ್ಲಿ ಮುಗಿಯುತ್ತದೆ. ಹಲಗೆಗೆ ಸಾವಿರಾರು ರೂಪಾಯಿ ಹಾಕಿ ಅಂಟಿನಲ್ಲಿ ಉಳಿಸೋದು ತೋರಣಕ್ಕೆ ದುಡ್ಡಿದೆ, ಚಪ್ಪರದ ಹಗ್ಗಕ್ಕಿಲ್ಲ ಅಂದ ಹಾಗೆ. ಟೈಟ್‌ಬಾಂಡ್ ಅಂತ ಹಳದಿ ಅಂಟು ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದೂ ಒಳ್ಳೆಯದು. ಉಪ್ಪು ಕಾಗದದಲ್ಲಿ ತಿಕ್ಕಿದರೆ ಬಿಳಿ ಅಂಟಿನ ಹಾಗೆ ಉರುಟಿಕೊಳ್ಳದೆ ಪುಡಿಯಾಗಿ ಬರುತ್ತದೆ.

ಎಪಾಕ್ಸಿ, ಅಂದರೆ ಅರಾಲ್ಡೈಟ್ ಥರದ ಎರಡು ಟ್ಯೂಬಿನ ಅಂಟು, ನೀರು ಆರುವುದನ್ನು ಕಾಯುವುದಿಲ್ಲ. ಎರಡೂ ಬೆರೆತು ತಮ್ಮಷ್ಟಕ್ಕೆ ಗಟ್ಟಿಯಾಗುತ್ತವೆ, ಕುಗ್ಗುವುದಿಲ್ಲ, ಸಂದು ತುಂಬುತ್ತವೆ. ನಿಮ್ಮ ಗರಗಸ ಸ್ವಲ್ಪ ಸೊಟ್ಟ ಹೋಗಿ ಒಂದು ಎಂಎಂ ಸಂದು ಉಳಿದಿದ್ದರೆ ಅಲ್ಲಿಗೆ ಇದೇ ಬೇಕು. ಬಿಳಿ ಅಂಟಿಗೆ ಸಂದು ತುಂಬುವ ಶಕ್ತಿ ಇಲ್ಲ. ಇಡೀ ಪೆಟ್ಟಿಗೆಗೆ ಎಪಾಕ್ಸಿ ಹಾಕೋದು ದುಡ್ಡು ದಂಡ. ಐದು ನಿಮಿಷದ ಎಪಾಕ್ಸಿಯಂತೂ ನಾಲ್ಕನೇ ಹಲಗೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ನಿಧಾನದ್ದನ್ನೇ ತಗೊಳ್ಳಿ.

ಪಾಲಿಯುರಥೇನ್ ಅಂಟಿಗೆ ತೇವ ಇದ್ದರೇ ಖುಷಿ, ತೇವದಿಂದಲೇ ಗಟ್ಟಿಯಾಗುತ್ತದೆ. ನೊರೆ ಉಕ್ಕಿ ಸಂದಿನಿಂದ ಹೊರಗೆ ಬರುತ್ತದೆ. ನೊರೆ ನೋಡಿ "ಆಹಾ, ಸಂದು ತುಂಬಿತು" ಅಂತ ಸಂತೋಷ ಪಡಬೇಡಿ, ಆ ನೊರೆಗೆ ಬಲ ಇಲ್ಲ. ಕೈಗೆ ಹತ್ತಿದರೆ ಚರ್ಮ ಸುಲಿದೇ ಹೋಗಬೇಕು.

ರಬ್ಬರ್ ಅಂಟು, ಎಸ್‌ಆರ್ 998 ಥರದ್ದು, ರೆಕ್ಸಿನ್, ಕಾರ್ಪೆಟ್ ಅಂಟಿಸೋದಕ್ಕೆ ಮಾತ್ರ. ಅದು ಒಣಗಿದ ಮೇಲೂ ಮೆದುವಾಗೇ ಇರುತ್ತದೆ. ಹಲಗೆ ಹಲಗೆ ಜೋಡಿಸಿದರೆ ನಿಧಾನಕ್ಕೆ ಜಾರುತ್ತದೆ.

ಅಂಟು ಯಾವುದೇ ಇರಲಿ, ಹಚ್ಚುವ ಕ್ರಮದಲ್ಲಿ ಒಂದು ಗುಟ್ಟಿದೆ. ಪ್ಲೈ ಅಂಚಿನಲ್ಲಿ ಪದರ ಬಿಟ್ಟು ಪದರ ನಾರಿನ ತುದಿ ಇರುತ್ತದೆ, ಬತ್ತಿ ಎಣ್ಣೆ ಎಳೆದ ಹಾಗೆ ಅಂಟನ್ನು ಎಳೆದುಕೊಂಡು ಬಿಡುತ್ತದೆ. ನಮ್ಮ ಬೀದಿಯ ಆಚಾರ್ರು ತೋರಿಸಿದ್ದು ಇದು. ಮೊದಲು ಅಂಚಿಗೆ ತೆಳ್ಳಗೆ ಒಂದು ಸಲ ಬೆರಳಲ್ಲಿ ಸವರಿದರು. ಬೀಡಿ ಹಚ್ಚಿದರು. ಬೀಡಿ ಅರ್ಧ ಆಗುವಷ್ಟರಲ್ಲಿ ಅಂಚು ಒಣಗಿದ ಹಾಗೆ ಮಂಕಾಯಿತು. "ಈಗ ಹೊಟ್ಟೆ ತುಂಬಿದೆ ನೋಡಿ, ಇನ್ನು ಕೊಟ್ಟಿದ್ದು ಮೇಲೆ ನಿಲ್ಲುತ್ತೆ" ಅಂತ ಇನ್ನೊಂದು ಪದರ ಕೊಟ್ಟು ಹಲಗೆ ಕೂರಿಸಿದರು. ಸ್ಕ್ರೂ ತಿರುಗಿಸುತ್ತಿದ್ದ ಹಾಗೆ ಉದ್ದಕ್ಕೂ ಸಾಸಿವೆ ಕಾಳಿನಂಥ ಅಂಟಿನ ಹನಿಗಳು ಸಾಲಾಗಿ ಮೂಡಿದವು. ಹನಿ ಎಲ್ಲಿ ಮೂಡಲಿಲ್ಲವೋ ಅಲ್ಲಿ ಅಂಟು ಸಾಲಲಿಲ್ಲ ಅಂತ ಅರ್ಥ. ಧಾರೆಯಾಗಿ ಸುರಿದರೆ ಜಾಸ್ತಿ ಆಯಿತು. ಒಳಗಡೆ ಬಂದದ್ದನ್ನು ಒರೆಸಬೇಡಿ, ಬೆರಳಿನಿಂದ ಮೂಲೆಗೆ ಎಳೆದುಬಿಡಿ, ಗಾಳಿಗೆ ಅಡ್ಡ ಆಗುತ್ತದೆ.

ಆಗುವುದಾದರೆ ಮಲೆನಾಡಿನವರು ಕೆಲಸವನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಮುಗಿಸಿಕೊಳ್ಳಿ. ಕಾಫಿ ಕೊಯ್ಲೂ ಮುಗಿದಿರುತ್ತದೆ, ಕಣವೂ ಖಾಲಿ ಇರುತ್ತದೆ.

ಮೊಳೆ, ಸ್ಕ್ರೂ, ಪಿನ್ನು

ಅಂಟು ಒಣಗುವವರೆಗೆ ಹಲಗೆ ಅಲುಗದಂತೆ ಒತ್ತಿ ಹಿಡಿಯುವುದು ಇವುಗಳ ಕೆಲಸ. ಉದ್ದದ ಕ್ಲಾಂಪ್ ಆರೆಂಟು ಇದ್ದರೆ ಸ್ಕ್ರೂ ಇಲ್ಲದೆಯೂ ಮುಗಿಸಬಹುದು. ಮನೆಯಲ್ಲಿ ಅಷ್ಟು ಯಾರ ಹತ್ತಿರ ಇರುತ್ತೆ? ಹಗ್ಗ ಸುತ್ತಿ ಕೋಲು ತಿರುಚಿ ಬಿಗಿದವರನ್ನೂ ನೋಡಿದ್ದೇನೆ, ಕೆಲಸ ಆಗುತ್ತದೆ.

ಸಾದಾ ಮೊಳೆ ಬೇಗ ಆಗುತ್ತದೆ, ಆದರೆ ನುಣುಪು. ಬೇಸಿನ ನಡುಕಕ್ಕೆ ಸಡಿಲವಾಗಿ ಕೊನೆಗೆ ಅದೇ ಕಿರುಗುಟ್ಟುತ್ತದೆ. ಕಂಪ್ರೆಸರ್ ಗನ್ನಿನಿಂದ ಹೊಡೆಯುವ ಪಿನ್ ಅಂಟು ಹಿಡಿಯುವವರೆಗೆ ಸಾಕು. ಬಡಗಿಗಳಿಗೆ ಅದು ಸುಲಭ. ಎಲ್ ಆಕಾರದ ತಗಡಿನ ಕ್ಲಿಪ್ ಹಾಕಬೇಡಿ, ತಗಡು ಯಾವತ್ತಿದ್ದರೂ ಹಾಡುತ್ತದೆ.

ಜಿಪ್ಸಮ್ ಬೋರ್ಡಿಗೆ ಹಾಕುವ ಕಪ್ಪು ಸ್ಕ್ರೂ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ. ಮೂಡಿಗೆರೆ ಪೆಟ್ಟಿಗೆಗೆ ನಾನು ಹಾಕಿದ್ದೂ ಅದೇ. ಗಟ್ಟಿ ಮರಕ್ಕೆ ಜೋರಾಗಿ ತಿರುಗಿಸಿದರೆ ಕುತ್ತಿಗೆಯಲ್ಲಿ ಟಕ್ ಅಂತ ಮುರಿಯುತ್ತದೆ. ಮಳೆನಾಡಿನಲ್ಲಿ ತುಕ್ಕು ಹಿಡಿಯುತ್ತದೆ. ಹಾಸನದಲ್ಲಿ, ಮೊದಲೇ ತೂತು ಕೊರೆದು ಹಾಕಿದರೆ, ನಡೆಯುತ್ತದೆ. ಪಾರ್ಟಿಕಲ್ ಬೋರ್ಡಿಗೆ ಬರುವ ಹಳದಿ ಅಥವಾ ಬೆಳ್ಳಿ ಬಣ್ಣದ ಸ್ಕ್ರೂ ಅದಕ್ಕಿಂತ ಮೇಲು. ಅಕ್ಕನ ಮನೆಗೆ ಎರಡನೇ ಸಲ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದೆ. ಅದು ಸ್ವಲ್ಪ ಮೆದು, ತಲೆ ಬೇಗ ಸವೆಯುತ್ತದೆ, ಆದರೆ ತುಕ್ಕಿನ ಚಿಂತೆ ಇಲ್ಲ.

18 ಎಂಎಂ ಹಲಗೆಗೆ 50 ಎಂಎಂ ಉದ್ದದ 8 ನಂಬರ್ ಸ್ಕ್ರೂ ಸರಿ. ಸುಮಾರು 15 ಸೆಂ.ಮೀ.ಗೆ ಒಂದು, ಮೂಲೆಯಿಂದ 5 ಸೆಂ.ಮೀ. ಬಿಟ್ಟು. ಹತ್ತಿರ ಹತ್ತಿರ ಹಾಕಿದರೆ ಬಲ ಬರಲ್ಲ, ಅಂಚು ಸೀಳುತ್ತದೆ. ತೂತು ಎರಡು ಅಳತೆಯಲ್ಲಿ ಕೊರೆಯಬೇಕು. ಮೇಲಿನ ಹಲಗೆಗೆ 4.5 ಎಂಎಂ, ಸ್ಕ್ರೂ ಅದರಲ್ಲಿ ಸಲೀಸಾಗಿ ಜಾರಬೇಕು. ಕೆಳಗಿನ ಹಲಗೆಯ ಅಂಚಿಗೆ 3 ಎಂಎಂ, ಮರೆ (ಸ್ಕ್ರೂವಿನ ಸುರುಳಿ ಹಲ್ಲು) ಕಚ್ಚುವುದು ಇಲ್ಲಿ ಮಾತ್ರ. ಎರಡಕ್ಕೂ ಒಂದೇ ಸಣ್ಣ ತೂತು ಕೊರೆದರೆ ಮರೆ ಎರಡು ಹಲಗೆಯಲ್ಲೂ ಕಚ್ಚುತ್ತದೆ. ಆಗ ಮಧ್ಯೆ ಕೂದಲೆಳೆ ಸಂದು ಇದ್ದರೆ ಎಷ್ಟು ತಿರುಗಿಸಿದರೂ ಅದು ಮುಚ್ಚಲ್ಲ. ಸ್ಕ್ರೂ ಬಿಗಿಯಾಗಿದೆ, ಜೋಡಣೆ ಬಿಗಿಯಾಗಿಲ್ಲ. ಇದೊಂದು ಗೊತ್ತಿಲ್ಲದೆ ನಾನು ಮೂರು ಪೆಟ್ಟಿಗೆ ಹಾಳು ಮಾಡಿದ್ದೇನೆ.

ಮೂಲೆಗೆ ಏನು ಮಾಡೋದು

ಅಂಚಿಗೆ ಅಂಚು ಇಟ್ಟು ನೇರ ಜೋಡಿಸುವುದು ಎಲ್ಲಕ್ಕಿಂತ ಸುಲಭ, ಆದರೆ ಅಂಟು ಹಿಡಿಯಲು ಸಿಗುವುದು ಬರೀ 18 ಎಂಎಂ. ರೂಟರ್ ಮಷೀನ್ ಇರುವ ಬಡಗಿ ಸಿಕ್ಕರೆ ಹಲಗೆಯ ಅಂಚಿಗೆ ಅರ್ಧ ದಪ್ಪದ ಕಚ್ಚು ಹೊಡೆಸಿ. ಹಲಗೆ ತಾನಾಗಿ ಕೂರುತ್ತದೆ, ಮೂಲೆಮಟ್ಟವೂ ತಪ್ಪಲ್ಲ. 45 ಡಿಗ್ರಿಯಲ್ಲಿ ಕೂಡಿಸುವುದು ನೋಡಲು ಚೆಂದ, ಮನೆಯಲ್ಲಿ ಮಾಡುವವರಿಗೆ ತಲೆನೋವು.

ಮಷೀನ್ ಇಲ್ಲವಾ? ನೇರ ಜೋಡಿಸಿ, ಒಳಗಿನ ಎಲ್ಲ ಮೂಲೆಗೂ 25 ಎಂಎಂ ಚೌಕದ ರೀಪು ಅಂಟಿಸಿ. ಅಂಟು ಹಿಡಿಯುವ ಜಾಗ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸಾಮಿಲ್‌ನಲ್ಲಿ ಸಿಲ್ವರ್ ಓಕ್ ರೀಪು ಸಿಗುತ್ತದೆ, ತೋಟದವರಿಗಂತೂ ಮನೆಯಲ್ಲೇ ಬಿದ್ದಿರುತ್ತದೆ. ಕಾಫಿಗೆ ನೆರಳು ಕೊಟ್ಟು, ಮೆಣಸಿನ ಬಳ್ಳಿ ಹೊತ್ತು, ಕೊನೆಗೆ ಸ್ಪೀಕರ್ ಒಳಗೆ ಬಂದು ಕೂರುತ್ತದೆ ಪಾಪ. ಅದೂ ಥೀಲ್ ಅವರ ದೇಶದಿಂದ ಬಂದ ಮರವೇ. ಚೆನ್ನಾಗಿ ಒಣಗಿದ್ದನ್ನೇ ಹಾಕಿ, ಹಸಿ ರೀಪು ತಿರುಚಿಕೊಂಡು ಅಂಟನ್ನು ಕಿತ್ತುಕೊಂಡು ಬರುತ್ತದೆ.

ಟ್ರ್ಯಾಕ್ಟರ್ ಹತ್ತುವ ಪೆಟ್ಟಿಗೆಗೆ ಎಂಡಿಎಫ್ ಯೋಚನೆಯೇ ಬೇಡ. ಪ್ಲೈ, ಒಳಗೆ ರೀಪು, ಹೊರಗೆ ಮೂಲೆಗೆ ಕಬ್ಬಿಣದ ಕಾರ್ನರ್. ಒಂದು ಸಲ ಮೂಲೆ ಮೇಲೆ ಬಿದ್ದರೆ ಸಾಕು, ಎಂಡಿಎಫ್ ಕೊಬ್ಬರಿ ಮಿಠಾಯಿ ಹಾಗೆ ಉದುರುತ್ತದೆ.

ಸ್ಪೀಕರ್ ಕೂರಿಸುವಾಗ

ಅಂಟು ಬೇಡವಾದ ಜಾಗ ಇದೊಂದೇ. ಸ್ಪೀಕರನ್ನು ಯಾವತ್ತಾದರೂ ಬಿಚ್ಚಲೇಬೇಕು. ಮರದ ಸ್ಕ್ರೂ ಹಾಕಿದರೆ ಮೂರ್ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ತೂತು ದೊಡ್ಡದಾಗುತ್ತದೆ. 8 ಇಂಚಿನವರೆಗೆ ಪ್ಲೈನಲ್ಲಿ ಪರವಾಗಿಲ್ಲ. 12 ಇಂಚಿಗೆ ಹಿಂದಿನಿಂದ ಟಿ-ನಟ್ (ಮರಕ್ಕೆ ಕಚ್ಚಿಕೊಳ್ಳುವ ರೆಕ್ಕೆ ಇರುವ ನಟ್) ಕೂರಿಸಿ ಬೋಲ್ಟ್ ಹಾಕಿ. ಟಿ-ನಟ್ಟನ್ನು ಸುತ್ತಿಗೆಯಲ್ಲಿ ಬಡಿಯಬೇಡಿ. ಮುಂದಿನಿಂದ ವಾಷರ್ ಹಾಕಿ ಬೋಲ್ಟ್ ತಿರುಗಿಸುತ್ತಾ ಎಳೆದು ಕೂರಿಸಿ, ರೆಕ್ಕೆಗೆ ಒಂದು ಹನಿ ಎಪಾಕ್ಸಿ ಕೊಡಿ. ಮರೆಗೆ ಅಂಟು ಹೋಗದ ಹಾಗೆ ನೋಡಿಕೊಳ್ಳಿ. ಹಿಂದಿನ ಹಲಗೆ ಮುಚ್ಚುವ ಮೊದಲೇ ಈ ಕೆಲಸ ಮುಗಿದಿರಬೇಕು. ಆಮೇಲೆ ಬೋಲ್ಟ್ ತಳ್ಳಿದಾಗ ಟಿ-ನಟ್ ಕಳಚಿ ಪೆಟ್ಟಿಗೆಯೊಳಗೆ ಬಿದ್ದರೆ, ಅದು ಸ್ಪೀಕರಿನ ಅಯಸ್ಕಾಂತಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಹುಡುಕುವ ಕಷ್ಟ ಇಲ್ಲ, ಕೀಳುವ ಕಷ್ಟ.

ಅಯಸ್ಕಾಂತದ ವಿಷಯ ಬಂದಾಗ ಇನ್ನೊಂದು. ಸ್ಕ್ರೂಡ್ರೈವರನ್ನು ಎರಡು ಕೈಯಲ್ಲಿ ಹಿಡಿಯಿರಿ, ಒಂದು ತುದಿಯ ಹತ್ತಿರ. ಬೋಲ್ಟಿನಿಂದ ಜಾರಿದರೆ ಅದು ಕೆಳಗೆ ಬೀಳಲ್ಲ, ಕೋನ್ ಕಡೆಗೆ ಎಳೆದುಕೊಂಡು ಹೋಗುತ್ತದೆ. ನನ್ನ ಹೊಸ ಸ್ಪೀಕರಿನ ಕೋನಿನಲ್ಲಿ ಹೆಸರುಕಾಳಿನಷ್ಟು ತೂತು ಇದೆ. ಟಿಶ್ಯೂ ಕಾಗದ, ಬಿಳಿ ಅಂಟು ಹಚ್ಚಿ ಮುಚ್ಚಿದ್ದೇನೆ. ಕೇಳುವವರಿಗೆ ಗೊತ್ತಾಗಲ್ಲ, ನನಗೆ ಮಾತ್ರ ಪ್ರತಿ ಸಲ ಕಾಣುತ್ತದೆ.

ಸಂದಿಗೆ ಸಿಲಿಕೋನ್ ಹಾಕುವವರು ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಸ್ಪೀಕರ್ ಕೂರಿಸಬೇಡಿ. ಆ ಹುಳಿ ಆವಿ ಲೋಹಕ್ಕೆ ಒಳ್ಳೆಯದಲ್ಲ.

ಹಾಗಾದರೆ ನಾನು ಯಾವುದು ಹಾಕುತ್ತೇನೆ

ಹಾಸನ ಪೇಟೆ ಮನೆ, ಹಾಲ್‌ನಲ್ಲಿ ಕೂರುವ ಪೆಟ್ಟಿಗೆ: 18 ಎಂಎಂ ಎಂಡಿಎಫ್ ಅಥವಾ 303ರ ಒಳ್ಳೇ ಪ್ಲೈ, ಬಿಳಿ ಅಂಟು, ಪಾರ್ಟಿಕಲ್ ಬೋರ್ಡ್ ಸ್ಕ್ರೂ. ಎಂಡಿಎಫ್ ಆದರೆ ಅಂಚಿಗೆ ಸ್ಕ್ರೂ ಹಾಕುವ ಬದಲು ಒಳಗಿನ ರೀಪಿಗೆ ಹಾಕಿ.

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ: 710 ಪ್ಲೈ, ಮೆರೀನ್ ಅಂಟು, ಸ್ಟೀಲ್ ಸ್ಕ್ರೂ. ಕತ್ತರಿಸಿದ ಅಂಚು, ಸ್ಪೀಕರ್ ತೂತಿನ ಸುತ್ತ, ತಳ, ಎಲ್ಲಕ್ಕೂ ಎರಡು ಕೋಟ್ ಸೀಲರ್. ತಳಕ್ಕೆ ರಬ್ಬರ್ ಕಾಲು, ಗೋಡೆಯಿಂದ ಒಂದು ಗೇಣು ದೂರ. ದುಡ್ಡು ಸಾಲದಿದ್ದರೆ ಬಿಡಬ್ಲ್ಯುಆರ್‌ಗೆ ಇಳಿಯಿರಿ, ಅದಕ್ಕಿಂತ ಕೆಳಗೆ ಬೇಡ.

ಚಿಕ್ಕಮಗಳೂರು ಪೇಟೆಯವರು ಎರಡರ ಮಧ್ಯೆ ಇದ್ದೀರಿ. ಮನೆಯ ಗೋಡೆಗೆ ಮಳೆಗಾಲದಲ್ಲಿ ಹಸಿರು ಪಾಚಿ ಬರುತ್ತದಾ ನೋಡಿಕೊಳ್ಳಿ. ಬಂದರೆ ಮಲೆನಾಡಿನ ಲೆಕ್ಕ ಹಿಡಿಯಿರಿ.

ಎಲ್ಲ ಮುಗಿದು ಒಂದು ದಿನ ಬಿಟ್ಟ ಮೇಲೆ ಸೋರಿಕೆ ನೋಡಬೇಕು. ಫೋನಿನಿಂದ ತಗ್ಗಿನ ಸ್ವರ, 40 ಹರ್ಟ್ಸ್ ಸುತ್ತಮುತ್ತ, ಸಣ್ಣಗೆ ಬಿಡಿ. ಪೋರ್ಟ್ ಇದ್ದರೆ ಬಟ್ಟೆ ತುರುಕಿ. ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ, ಪ್ರತಿ ಜೋಡಣೆಯ ಉದ್ದಕ್ಕೂ ನಿಧಾನಕ್ಕೆ ಹಿಡಿದುಕೊಂಡು ಹೋಗಿ. ಹೊಗೆ ನೇರ ಏರಬೇಕು. ಅಕ್ಕನ ಮನೆಯಲ್ಲಿ ಹೀಗೆ ಪೆಟ್ಟಿಗೆಗೆ ಊದುಬತ್ತಿ ಸುತ್ತುತ್ತಿದ್ದಾಗ ಭಾವ ಒಳಗೆ ಬಂದು, "ಆಯುಧ ಪೂಜೆ ಈಗ್ಲೇ ಬಂತಾ?" ಅಂದರು. ನಾಲ್ಕೂ ಮೂಲೆಯಲ್ಲಿ ಹೊಗೆ ಅಲುಗಲಿಲ್ಲ. ಹಿಂದುಗಡೆ ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ತಟ್ಟೆಯ ಹತ್ತಿರ ಬಂದಾಗ ಹೊಗೆ ತಡತಡ ನಡುಗಿತು. ಅದನ್ನು ಬಿಚ್ಚಿ, ಕೆಳಗೆ ಒಂದು ಸುತ್ತು ಫೋಮ್ ಟೇಪ್ ಅಂಟಿಸಿ ಮತ್ತೆ ಬಿಗಿದೆ. ಹೊಗೆ ನೆಟ್ಟಗೆ ನಿಂತಿತು.